ಹಿಮ್ಮಡಿಯ ರಕ್ತ, ಅಜ್ಜಿಯ ಫೋನ್ ನಂಬರ್

ಉಡುಪಿಯ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿರುವ ನನಗೆ ಹುಟ್ಟಿನಿಂದಲೇ ಇರುವ ಕೆಲವು ಕಾಯಿಲೆಗಳನ್ನು ಲಕ್ಷಣ ಕಾಣುವ ಮೊದಲೇ ಪತ್ತೆ ಹಚ್ಚುವ ಪರೀಕ್ಷೆಗಾಗಿ ಹಸುಗೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವುದು ಕಷ್ಟವಲ್ಲ. ವರದಿ ಬಂದ ದಿನ ಆ ಕೂಸು ಯಾವ ಮನೆಯಲ್ಲಿದೆ ಎಂದು ಪತ್ತೆ ಹಚ್ಚುವುದು ಕಷ್ಟ. ಬಾಣಂತಿ ಹೆಬ್ರಿಗೋ ಬೈಂದೂರಿಗೋ ತವರಿಗೆ ಹೋಗಿರುತ್ತಾಳೆ. ದಾಖಲೆಯಲ್ಲಿರುವುದು ಗಂಡನ ವಿಳಾಸ, ಗಂಡನ ನಂಬರ್. ಆತ ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾನೆ. ಹಾಗಾಗಿ ಚುಚ್ಚುವ ಸೂಜಿ (ಲ್ಯಾನ್ಸೆಟ್) ಮುಟ್ಟುವ ಮೊದಲೇ ಅಜ್ಜಿಯ ನಂಬರ್ ಕೇಳುತ್ತೇನೆ. ಅಲ್ಲೇ ಕರೆ ಮಾಡಿ, ಅವರ ಕೈಚೀಲದೊಳಗೆ ಅದು ರಿಂಗಾದ ಮೇಲೆಯೇ ರಕ್ತದ ಹನಿ ಹಾಕುವ ಕಾರ್ಡಿನಲ್ಲಿ ಬರೆಯುತ್ತೇನೆ.

ಅಜ್ಜಿಯಂದಿರ ಪ್ರಶ್ನೆ ಒಂದೇ: ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ಇದೇಕೆ? ಥೈರಾಯ್ಡಿನ ಉದಾಹರಣೆ ಕೊಡುತ್ತೇನೆ. ಜನ್ಮಜಾತ ಹೈಪೋಥೈರಾಯ್ಡಿಸಮ್, ಅಂದರೆ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನಿನ ಕೊರತೆ, ನಮ್ಮ ದೇಶದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಗರ್ಭದಲ್ಲಿ ತಾಯಿಯ ಹಾರ್ಮೋನು ಸ್ವಲ್ಪ ಮಟ್ಟಿಗೆ ಕಾಪಾಡಿರುವುದರಿಂದ ಹುಟ್ಟಿದಾಗ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಮಂಕು, ಮಲಬದ್ಧತೆ, ಒಡಕು ದನಿಯ ಅಳು ಎಲ್ಲ ಕಾಣಿಸಿಕೊಳ್ಳುವಷ್ಟರಲ್ಲಿ ಮೆದುಳಿಗೆ ಪೆಟ್ಟು ಬಿದ್ದಿರುತ್ತದೆ. ಮೊದಲ 2 ವಾರಗಳೊಳಗೆ ಆ ಹಾರ್ಮೋನಿನದೇ ಥೈರಾಕ್ಸಿನ್ ಮಾತ್ರೆ ಪುಡಿಮಾಡಿ ಎದೆಹಾಲಿನಲ್ಲಿ ಕಲಸಿ ಒಳಲೆಯಲ್ಲಿ ಕೊಡಲಾರಂಭಿಸಿದರೆ ಮಗು ಉಳಿದ ಮಕ್ಕಳಂತೆಯೇ ಬೆಳೆಯುತ್ತದೆ. ಮಾತ್ರೆಯೂ ಅಗ್ಗ.

ಇದೇ ರಕ್ತದಲ್ಲಿ ನೋಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಏಕೆಂದರೆ ಅಪಾಯ ಮನೆಯ ಕಪಾಟಿನಲ್ಲೇ ಇದೆ. ಅಣ್ಣನೋ ಅಕ್ಕನೋ ಹಾಕಿದ ಹಳೆಯ ಬಟ್ಟೆಗಳನ್ನು ನಾಫ್ತಲೀನ್ ಗುಳಿಗೆಯ ಜೊತೆ ಕಟ್ಟಿಟ್ಟು, ಹಾಗೆಯೇ ತೆಗೆದು ಕೂಸಿಗೆ ತೊಡಿಸುವುದು ನಮ್ಮಲ್ಲಿ ಮಾಮೂಲು. ಈ ಕೊರತೆಯಿರುವ ಮಗುವಿಗೆ ಆ ಗುಳಿಗೆಯ ಆವಿಯಿಂದಲೇ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಮಲೇರಿಯಾಕ್ಕೆ ಹೆಸರಾಗಿದ್ದ ಮಂಗಳೂರು ಪಕ್ಕದಲ್ಲೇ ಇದೆ. ಮುಂದೆ ಎಂದಾದರೂ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದು, ಇದೇ ರೀತಿ ರಕ್ತಕಣ ಒಡೆಯಬಲ್ಲ ಪ್ರೈಮಾಕ್ವಿನ್ ಮಾತ್ರೆ ಬರೆಯುವಾಗಲೂ ವೈದ್ಯರಿಗೆ ಈ ಸಂಗತಿ ತಿಳಿದಿರಬೇಕು. ಅದಕ್ಕೇ ವರದಿಯನ್ನು ತಾಯಿ ಕಾರ್ಡಿನೊಳಗೆ ಇಡಲು ಹೇಳುತ್ತೇನೆ.

ರಕ್ತ ತೆಗೆಯಲು 48 ಗಂಟೆ ಕಳೆಯುವವರೆಗೆ ಕಾಯುವುದು ನನಗಿಷ್ಟ. ಹುಟ್ಟಿದ ಮೊದಲ ದಿನ ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಿದ್ದಾಗ ಏರುವ ಹಾರ್ಮೋನು) ತಾನಾಗಿಯೇ ಏರಿರುತ್ತದೆ. ಅವಸರ ಮಾಡಿದರೆ ಸುಮ್ಮನೆ ಗಾಬರಿ. ಪಾದವನ್ನು ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ, ಹಿಮ್ಮಡಿಯ ನಡುವೆ ಅಲ್ಲ, ಅದರ ಅಡಿಭಾಗದ ಅಂಚಿನಲ್ಲಿ ಚುಚ್ಚುತ್ತೇನೆ. ನಡುವೆ ಎಲುಬು ಹತ್ತಿರವಿದೆ. ಮೊದಲ ಹನಿಯನ್ನು ಒರೆಸಿ, ಎರಡನೆಯದು ದಪ್ಪಗೆ ತೂಗುವವರೆಗೆ ಕಾದು ಕಾರ್ಡಿನ ಫಿಲ್ಟರ್ ಕಾಗದದ ವೃತ್ತಕ್ಕೆ ಒಂದೇ ಸಲ ತಾಗಿಸಬೇಕು. ಹನಿಯ ಮೇಲೆ ಹನಿ ಹಾಕುವಂತಿಲ್ಲ, ಹಿಂಡುವಂತಿಲ್ಲ. ಕಾಗದದ ಹಿಂಬದಿಗೂ ರಕ್ತ ಇಳಿದಿದ್ದರೆ ಸರಿ. ತಾಯಿ ಎದೆಗವಚಿಕೊಂಡು ಹಾಲೂಡಿಸುತ್ತಿದ್ದರೆ ಎಷ್ಟೋ ಕೂಸುಗಳು ಅಳುವುದೇ ಇಲ್ಲ.

ಕಾರ್ಡು ಒಣಗಲು 3-4 ಗಂಟೆ ಬೇಕು, ಬಿಸಿಲಿಗಿಡುವಂತಿಲ್ಲ. ಆಟಿ ತಿಂಗಳ (ಆಷಾಢದ) ಮಳೆಯಲ್ಲಿ ಹಪ್ಪಳವೇ ಮೆತ್ತಗಾಗುವ ಊರಿದು! ತೇವ ತಾಗಿದರೆ ಜಿ6ಪಿಡಿಯಂಥ ಕಿಣ್ವಗಳ ಫಲಿತಾಂಶ ಕೆಡುತ್ತದೆ. ಮಳೆಗಾಲದಲ್ಲಿ ಹವಾನಿಯಂತ್ರಿತ ಕೋಣೆಯ ಸ್ಟ್ಯಾಂಡಿನಲ್ಲಿ ಅಡ್ಡಲಾಗಿ ಒಣಗಿಸಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಕಳುಹಿಸುತ್ತೇನೆ.

ವರದಿಯಲ್ಲಿ ಸಂಶಯ ಬಂದರೆ ಫೋನಿನಲ್ಲಿ ಕಾಯಿಲೆಯ ಹೆಸರು ಹೇಳುವುದಿಲ್ಲ. ಇನ್ನೊಮ್ಮೆ ರಕ್ತ ನೋಡದೆ ಅದು ಕಾಯಿಲೆಯೆಂದು ಹೇಳಲಾಗದು. ನಾಳೆ ಬೆಳಿಗ್ಗೆ ಬನ್ನಿ ಎನ್ನುತ್ತೇನೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಬೇಕಾದ ಹಾರ್ಮೋನು ತಯಾರಿಸಲಾಗದ ಕಾಯಿಲೆಯಾದ ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾದ ಸಂಶಯವಿದ್ದರೆ ಮಾತ್ರ ಹಾಗಲ್ಲ. ಗಂಡುಮಗುವಾದರೆ ಹೊರಗೆ ಸಾಮಾನ್ಯವಾಗಿ ಯಾವ ಗುರುತೂ ಇರುವುದಿಲ್ಲ. ಎರಡನೆಯ ವಾರದ ಹೊತ್ತಿಗೆ ಮೈಯ ಉಪ್ಪು ಸೋರಿ, ವಾಂತಿಯಾಗಿ, ಜೀವಕ್ಕೇ ಅಪಾಯ ಬರಬಹುದು. ಅಂಥ ಮನೆಗೆ ಕರೆ ಮಾಡಿದಾಗ, ಎಷ್ಟು ಹೊತ್ತಾಗಿದ್ದರೂ ಸರಿ, ಆಟೋ ಹಿಡಿದು ಈಗಲೇ ಹೊರಡಿ ಎನ್ನುತ್ತೇನೆ.