ಆಕ್ಸಿಡೆಂಟ್ ಪರಿಹಾರ: ಕೋರ್ಟಿನ ಲೆಕ್ಕ ಹೇಗೆ, ನೀವು ಎತ್ತಿಡಬೇಕಾದ್ದು ಏನು

"ಡಾಕ್ಟ್ರು ಇಪ್ಪತ್ತು ಪರ್ಸೆಂಟ್ ಡಿಸೆಬಿಲಿಟಿ ಬರೆದಿದ್ದಾರೆ, ಎಷ್ಟು ಸಿಗಬಹುದು?" ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಆಕ್ಸಿಡೆಂಟ್ ಆದವರ ಮನೆಗೆ ಹೋದರೆ ಈ ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ಪರ್ಸೆಂಟಿಗೆ ಇಷ್ಟು ದುಡ್ಡು ಅಂತ ಎಲ್ಲೂ ಬರೆದಿಟ್ಟಿಲ್ಲ. ಆ ಗಾಯದಿಂದ ನಿಮ್ಮ ದುಡಿಮೆ ಎಷ್ಟು ಹೋಯಿತು ಅಂತ ಕೋರ್ಟು ನೋಡುತ್ತದೆ.

2010ರ ರಾಜ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದ ಹಾಗೆ, ಅದೇ ಸರಕಾರಿ ಗುಮಾಸ್ತನಾದರೆ ಕೆಲಸ ಉಳಿಯಬಹುದು.

ನಮ್ಮೂರಿನ ಲೆಕ್ಕದಲ್ಲೇ ನೋಡೋಣ. ಅಡಿಕೆ ಮರ ಹತ್ತಿ ಮದ್ದು ಬಿಡುವ, ಕೊನೆ ತೆಗೆಯುವ 38 ವರ್ಷದ ಒಬ್ಬರು, ತಿಂಗಳಿಗೆ 15,000 ಆದಾಯ ಅಂತ ಕೋರ್ಟು ಒಪ್ಪಿತು ಅಂದುಕೊಳ್ಳಿ. ಸ್ವಂತ ದುಡಿಮೆಯವರು, 40ಕ್ಕಿಂತ ಕೆಳಗಿನವರು, ಹಾಗಾಗಿ ಮುಂದೆ ಆದಾಯ ಏರುತ್ತಿತ್ತು ಅಂತ ನೂರಕ್ಕೆ 40 ಸೇರಿಸಿದರೆ 21,000. ವರ್ಷಕ್ಕೆ 2,52,000. ಇದನ್ನು ವಯಸ್ಸಿಗೆ ತಕ್ಕ ಮಲ್ಟಿಪ್ಲೈಯರಿನಿಂದ, ಅಂದರೆ ಎಷ್ಟು ವರ್ಷದ ದುಡಿಮೆ ಹಿಡಿಯಬೇಕು ಅನ್ನುವ ಸಂಖ್ಯೆಯಿಂದ, ಗುಣಿಸಬೇಕು. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40 ವಯಸ್ಸಿಗೆ ಅದು 15. ಒಟ್ಟು 37,80,000 ಆಯಿತು. ಇವರ ಕಾಲಿನ ಗಾಯಕ್ಕೆ ಡಾಕ್ಟ್ರು ಬರೆದ 20 ಪರ್ಸೆಂಟನ್ನೇ ಹಿಡಿದರೆ 7,56,000. ಆದರೆ ಇವರಿಗೆ ಇನ್ನು ಮರ ಹತ್ತಲಿಕ್ಕೇ ಆಗುವುದಿಲ್ಲ ಅಲ್ವಾ? ಅದು ಸಾಬೀತಾಗಿ, ದುಡಿಮೆಯ ನಷ್ಟ 50 ಪರ್ಸೆಂಟ್ ಅಂತ ಕೋರ್ಟು ಒಪ್ಪಿದರೆ ಅದೇ ಕಾಲಿಗೆ 18,90,000. ಗಾಯ ಒಂದೇ, ಆದರೆ ಕೆಲಸ ಏನು ಅಂತ ಯಾರೂ ಸರಿಯಾಗಿ ಹೇಳದೆ ಹೋದರೆ ಹನ್ನೊಂದು ಲಕ್ಷಕ್ಕಿಂತ ಜಾಸ್ತಿ ಕೈ ಬಿಟ್ಟು ಹೋಗುತ್ತದೆ. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ.

ಆದ್ದರಿಂದ ಅರ್ಜಿಯಲ್ಲಿ ಸುಮ್ನೆ "ಕೂಲಿ" ಅಂತ ಬರೆಸಬೇಡಿ. ಏನು ಕೆಲಸ, ಎಷ್ಟು ದಿನ ಸಿಗುತ್ತಿತ್ತು, ದಿನಕ್ಕೆ ಸಂಬಳ ಎಷ್ಟು, ಎಲ್ಲ ಹೇಳಿ. ಕೆಲಸ ಕೊಡುತ್ತಿದ್ದ ತೋಟದವರು ಸಾಕ್ಷಿ ಹೇಳಲು ಒಪ್ಪಿದರೆ ಬಹಳ ಒಳ್ಳೆಯದು. ಬೀಡಿ ಕಟ್ಟುವವರು ಪಾಸ್ ಬುಕ್ ತೆಗೆದಿಡಿ. ಮನೆಯಲ್ಲೇ ಇರುವ ಹೆಂಗಸರು "ನಮಗೆ ಸಂಬಳ ಎಲ್ಲಿಯದು" ಅಂತ ಬಿಡುವುದು ಬೇಡ, ಮನೆಕೆಲಸಕ್ಕೂ ಕೋರ್ಟು ಬೆಲೆ ಕಟ್ಟುತ್ತದೆ.

ಉಳಿದದ್ದು ಆಸ್ಪತ್ರೆ ಬಿಲ್ಲು, ಮದ್ದು, ಓಡಾಟ, ಜೊತೆಗೆ ನಿಂತವರ ಖರ್ಚು, ಮಲಗಿದ್ದ ತಿಂಗಳುಗಳ ದುಡಿಮೆ, ನೋವು, ಮೊದಲಿನ ಹಾಗೆ ಬದುಕಲಾಗದ ನಷ್ಟ. ಹೆಚ್ಚಿನವರು ಮಂಗಳೂರಿಗೇ ಹೋಗುತ್ತಾರೆ, ಪ್ರತಿ ಸಲದ ಗಾಡಿ ಬಾಡಿಗೆಗೂ ಒಂದು ಚೀಟಿ ಬರೆಸಿಟ್ಟುಕೊಳ್ಳಿ. ಮುಂದೆ ರಾಡ್ ತೆಗೆಯುವ ಆಪರೇಷನ್ ಇದ್ದರೆ ಡಾಕ್ಟ್ರ ಕೈಯಲ್ಲಿ ಅಂದಾಜು ಖರ್ಚಿನೊಂದಿಗೆ ಬರೆಸಿ, ಬರಹದಲ್ಲಿ ಇಲ್ಲದ ಮುಂದಿನ ಚಿಕಿತ್ಸೆಗೆ ದುಡ್ಡು ಸಿಗುವುದು ಕಷ್ಟ. ಡಿಸೆಬಿಲಿಟಿ ಸರ್ಟಿಫಿಕೇಟು ಚಿಕಿತ್ಸೆ ಮಾಡಿದ ಡಾಕ್ಟ್ರದ್ದೋ ಮೆಡಿಕಲ್ ಬೋರ್ಡಿನದ್ದೋ ಇರಲಿ. ನಿಮ್ಮನ್ನು ನೋಡಿಯೇ ಇಲ್ಲದವರು ಬರೆದುಕೊಟ್ಟದ್ದನ್ನು ಕೋರ್ಟು ಸುಲಭಕ್ಕೆ ನಂಬುವುದಿಲ್ಲ.

ಇನ್ನೊಂದು, ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಪೊಲೀಸರು ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರೆ, ಓದಲು ಬಾರದವರು ಒಬ್ಬರಿಂದ ಓದಿಸಿ, ಅರ್ಥ ಮಾಡಿಕೊಂಡು ಆಮೇಲೆ ಸಹಿ ಹಾಕಿ. ತಪ್ಪು ಯಾರದ್ದು ಅನ್ನುವುದು ಅಲ್ಲಿಂದಲೇ ಶುರು. ನಿಮ್ಮದೂ ಒಂದು ಪಾಲು ತಪ್ಪಿದೆ ಅಂತ ಕೋರ್ಟಿಗೆ ಕಂಡರೆ ಆ ಪಾಲಿನಷ್ಟು ಪರಿಹಾರ ಕಡಿಮೆಯಾಗುತ್ತದೆ.

ಆಕ್ಸಿಡೆಂಟ್ ತಲಪಾಡಿ ದಾಟಿ ಮಂಗಳೂರಿನಲ್ಲಿ ಆಗಿದ್ದರೂ ನೀವು ಇರುವುದು ಇಲ್ಲಿ ಅಂತಾದರೆ ಕ್ಲೇಮ್ ಕಾಸರಗೋಡಿನಲ್ಲೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಅರ್ಜಿ ಹಾಕಲು ಆಕ್ಸಿಡೆಂಟ್ ಆದ ದಿನದಿಂದ ಆರು ತಿಂಗಳ ಗಡುವು ಇದೆ, ಗಾಯ ಪೂರ್ತಿ ವಾಸಿಯಾಗಲಿ ಅಂತ ಕಾಯಬೇಡಿ, ಮೊದಲು ಅರ್ಜಿ ಹಾಕಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.