ಕೊಲಂಬೊದಿಂದ ಕೋಕೋಸ್‌ಗೆ: ಜಿಪಿಎಸ್ ಮುಚ್ಚಿಟ್ಟು, ಸೂರ್ಯನ ಲೆಕ್ಕದಲ್ಲಿ

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹಳೆಯ ಪಿಸ್ಟನ್ ವಿಮಾನ ಹಿಡಿದು ಸಮುದ್ರ ದಾಟುವವರು ಮೊದಲು ದಾರಿ ಗೆರೆ ಎಳೆದು, ಆಮೇಲೆ ಹೊರಡುವ ಹೊತ್ತು ನೋಡುತ್ತಾರೆ. ನನ್ನ ಕ್ರಮ ತಿರುಗುಮುರುಗು. ದ್ವೀಪ ಹತ್ತಿರವಾದಾಗ ಸೂರ್ಯ ಯಾವ ದಿಕ್ಕಿನಲ್ಲಿದ್ದರೆ ನನಗೆ ಅನುಕೂಲ ಎಂದು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಟೇಕಾಫ್ ಸಮಯ ಗೊತ್ತುಮಾಡುತ್ತೇನೆ. ಜಿಪಿಎಸ್ ಇಲ್ಲದೆ ಸೂರ್ಯನ ಎತ್ತರ ಅಳೆದು ದಾರಿ ಹುಡುಕುವುದನ್ನು ಬೆಂಗಳೂರಿನಲ್ಲಿ ಕುಳಿತು ಕಲಿಯುವವರಿಗೆ ಕೊಲಂಬೊದ ರತ್ಮಲಾನ ವಿಮಾನ ನಿಲ್ದಾಣದಿಂದ ಹಿಂದೂ ಮಹಾಸಾಗರದ ನಡುವಿನ ಕೋಕೋಸ್ ದ್ವೀಪದ ದಾರಿ ಹೇಳಿಮಾಡಿಸಿದ್ದು. ಎಚ್‌ಎಎಲ್ ನಿಲ್ದಾಣದಿಂದ ಹಿಂದಿನ ದಿನವೇ ವಿಮಾನ ಅಲ್ಲಿಗೆ ತಂದಿಟ್ಟುಕೊಳ್ಳಬಹುದು.

ದೂರ ಸುಮಾರು 1,527 ನಾಟಿಕಲ್ ಮೈಲಿ (ಮುಂದೆಲ್ಲ ಮೈಲಿ ಎಂದರೆ ಇದೇ). ನಿಜ ಉತ್ತರದಿಂದ ಅಳೆದರೆ ಟ್ರ್ಯಾಕ್, ಎಂದರೆ ದಾರಿಯ ದಿಕ್ಕು, 138 ಡಿಗ್ರಿ. ಕಾಂತೀಯ ವ್ಯತ್ಯಾಸ (ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಅಂತರ) ಪಶ್ಚಿಮಕ್ಕೆ ಎರಡು ಮೂರು ಡಿಗ್ರಿ, ಅದನ್ನು ಕೂಡಿಸಿಕೊಳ್ಳಬೇಕು. ಆದರೆ ಇವತ್ತಿನ ನಕ್ಷೆಯ ಅಂಕಿಯನ್ನು ಕಣ್ಣುಮುಚ್ಚಿ ಹಾಕಬೇಡಿ. ಸಿಮ್ಯುಲೇಟರ್ ತನ್ನೊಳಗಿನ ಕೋಷ್ಟಕವನ್ನೇ ಬಳಸುತ್ತದೆ, ಮೈಕ್ರೋಸಾಫ್ಟ್‌ನ ಹಳೆಯ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್‌ನಂಥದರಲ್ಲಿ ಅದು ಹಳೆಯದು. ರನ್‌ವೇ ಮೇಲೆ ನಿಂತು ದಿಕ್ಸೂಚಿಯನ್ನು ರನ್‌ವೇ ದಿಕ್ಕಿಗೆ ಹೋಲಿಸಿ ನೋಡಿದರೆ ತಿಳಿಯುತ್ತದೆ. 60 ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಪಕ್ಕಕ್ಕೆ ಹೋಗುತ್ತೀರಿ. ಈ ದಾರಿಯ ಕೊನೆಗೆ ಅದೇ ಒಂದು ಡಿಗ್ರಿ 25 ಮೈಲಿ ಆಗಿರುತ್ತದೆ.

ವಿಮಾನ ಡಿಸಿ-6, ಸಿಮ್ಯುಲೇಟರ್ ವಿಮಾನಗಳನ್ನು ಮಾಡುವ ಪಿಎಂಡಿಜಿ ಕಂಪನಿಯದು. ಪೂರ್ವಕ್ಕೆ ಹೋಗುವುದರಿಂದ ನಿಯಮದಂತೆ ಬೆಸ ಸಾವಿರದ ಮಟ್ಟ: 13,000 ಅಡಿ. ಮೀಟರ್ ತೋರಿಸುವ ಸೂಚಿತ ವೇಗ 200 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಇದ್ದರೆ ಪ್ರತಿ ಸಾವಿರ ಅಡಿಗೆ ಶೇ 2 ಕೂಡಿಸಿ, ನಿಜ ವೇಗ 250ರ ಆಸುಪಾಸು. ಎದುರುಗಾಳಿ 10 ನಾಟ್ ಎಂದುಕೊಂಡರೆ ಆರೂಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು. ಹೋಗುವ ವೇಗ 240, ವಾಪಸು ಬರುವ ವೇಗ 260 ಹಿಡಿದರೆ, ಹಿಂದಕ್ಕೂ ಮುಂದಕ್ಕೂ ಸಮಯ ಸಮನಾಗುವ ಜಾಗ 794 ಮೈಲಿಗೆ ಬರುತ್ತದೆ. ಮೀಸಲು ಬಿಟ್ಟು 10 ಗಂಟೆಯ ಇಂಧನವಿದ್ದರೆ 1,248 ಮೈಲಿ ದಾಟಿದ ಮೇಲೆ ಕೊಲಂಬೊ ಮರೆತುಬಿಡಿ. ಎರಡೂ ಅಂಕಿಗಳನ್ನು ಹೊರಡುವ ಮೊದಲೇ ಲಾಗ್ ಹಾಳೆಯ ನೆತ್ತಿಯಲ್ಲಿ ಬರೆದಿರಬೇಕು.

ನಕ್ಷೆಗೆ ದುಬಾರಿ ಹಾಳೆ ಬೇಡ. ಸಮಭಾಜಕದ ಬಳಿ ಅಕ್ಷಾಂಶ, ರೇಖಾಂಶ ಎರಡೂ ಹೆಚ್ಚುಕಡಿಮೆ ಡಿಗ್ರಿಗೆ 60 ಮೈಲಿಯೇ. 12 ಡಿಗ್ರಿ ದಕ್ಷಿಣದಲ್ಲಿ ಬರುವ ವ್ಯತ್ಯಾಸ ಶೇ 2 ಮಾತ್ರ. ಅವೆನ್ಯೂ ರಸ್ತೆಯಲ್ಲಿ ಸಿಗುವ ಎ3 ಗ್ರಾಫ್ ಹಾಳೆ ಎರಡನ್ನು ಅಂಟಿಸಿ ಡಿಗ್ರಿಗೆ 2 ಸೆಂ.ಮೀ. ಇಟ್ಟರೆ ಇಡೀ ದಾರಿ ಕೂರುತ್ತದೆ, ಒಂದು ಮಿ.ಮೀ.ಗೆ 3 ಮೈಲಿ. ಡಿವೈಡರ್, ಎರಡು ಸೆಟ್‌ಸ್ಕ್ವೇರ್ ಸಾಕು.

ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದ್ದಾನೆ ಎಂದು ಅಳೆಯುವ ಸಾಧನ ಸೆಕ್ಸ್‌ಟಂಟ್. ಅದರ ಬದಲಿಗೆ ನಾನು ಬಳಸುವುದು ಚಿಕ್ಕ ಪೈಥಾನ್ ಸ್ಕ್ರಿಪ್ಟ್. ಅದು ಸಿಮ್ಯುಲೇಟರಿನಿಂದ ಮಾಹಿತಿ ಓದಲು ಬಿಡುವ ಸಿಮ್‌ಕನೆಕ್ಟ್ ಮೂಲಕ ವಿಮಾನದ ನಿಜ ಸ್ಥಾನ ಓದಿಕೊಂಡು, ಅಲ್ಲಿಂದ ಸೂರ್ಯನ ಎತ್ತರ ಲೆಕ್ಕ ಹಾಕಿ, ಐದಾರು ಆರ್ಕ್ ಮಿನಿಟ್‌ನಷ್ಟು (ಒಂದು ಡಿಗ್ರಿಗೆ 60 ಆರ್ಕ್ ಮಿನಿಟ್) ಅಡ್ಡಾದಿಡ್ಡಿ ದೋಷ ಬೆರೆಸಿ, ಎತ್ತರವನ್ನಷ್ಟೇ ತೋರಿಸುತ್ತದೆ. ಸ್ಥಾನ ತೆರೆಯ ಮೇಲೆ ಬರಕೂಡದು. ಸಮಯವನ್ನು ಕಂಪ್ಯೂಟರ್ ಗಡಿಯಾರದಿಂದ ತೆಗೆದುಕೊಳ್ಳದೆ ಸಿಮ್ಯುಲೇಟರಿನ ಜೂಲು ಸಮಯವನ್ನೇ (ಗ್ರೀನಿಚ್ ಸಮಯ) ಓದಬೇಕು. ಕಾಫಿಗೆಂದು ಸಿಮ್ಯುಲೇಟರನ್ನು ಒಮ್ಮೆ ತಡೆದು ನಿಲ್ಲಿಸಿದರೆ ಎರಡು ಗಡಿಯಾರಗಳೂ ಬೇರೆ ಬೇರೆಯಾಗುತ್ತವೆ, ನಾಲ್ಕು ಸೆಕೆಂಡಿನ ತಪ್ಪು ಇಲ್ಲಿ ಒಂದು ಮೈಲಿಯವರೆಗೂ ಹೋಗಬಹುದು. ಎರಡು ನಿಮಿಷದ ಸರಾಸರಿ ತೆಗೆದು, ನಡುವಿನ ಕ್ಷಣದ ಸಮಯ ಬರೆಯಬೇಕು. ಆ ಎರಡು ನಿಮಿಷದಲ್ಲಿ ವಿಮಾನ 8 ಮೈಲಿ ಓಡಿರುತ್ತದೆ.

ಈಗ ಹೊತ್ತಿನ ವಿಷಯ. ಸಿಮ್ಯುಲೇಟರ್ ದಿನಾಂಕ ಜೂನ್ 21 ಇಡಿ. ಆ ದಿನ ಸೂರ್ಯನ ಡಿಕ್ಲಿನೇಶನ್ (ಸೂರ್ಯ ನೆತ್ತಿಯ ಮೇಲೆ ಬರುವ ಅಕ್ಷಾಂಶ) 23°26′ ಉತ್ತರ, ದಿನವಿಡೀ ಕದಲುವುದಿಲ್ಲ ಎಂದೇ ಹೇಳಬಹುದು. ಟೇಕಾಫ್ 01:30 ಜೂಲು, ಅಂದರೆ ನಮ್ಮ ಬೆಳಗಿನ 7 ಗಂಟೆ. ಸೂರ್ಯನನ್ನು ಒಮ್ಮೆ ಅಳೆದರೆ ಸಿಗುವುದು ಒಂದು ಗೆರೆ ಮಾತ್ರ, ಸೂರ್ಯನ ದಿಕ್ಕಿಗೆ ಅಡ್ಡವಾಗಿ; ನಾವು ಅದರ ಮೇಲೆ ಎಲ್ಲೋ ಇರುತ್ತೇವೆ. 03:00ಕ್ಕೆ ಸೂರ್ಯ 62 ಡಿಗ್ರಿ ದಿಕ್ಕಿನಲ್ಲಿರುತ್ತಾನೆ, ಗೆರೆ 152–332. ಅದು ನಮ್ಮ ಟ್ರ್ಯಾಕಿಗೆ ಹೆಚ್ಚುಕಡಿಮೆ ಸಮಾನಾಂತರ. ಎಷ್ಟು ದೂರ ಬಂದಿದ್ದೇವೆ ಎನ್ನುವುದು ಇದರಿಂದ ತಿಳಿಯದು. ಎಡಕ್ಕೋ ಬಲಕ್ಕೋ ಎಷ್ಟು ಸರಿದಿದ್ದೇವೆ ಎನ್ನುವುದು ಚೆನ್ನಾಗಿ ತಿಳಿಯುತ್ತದೆ. ಅಳೆದ ಎತ್ತರ, ನಾವು ಇದ್ದೇವೆಂದುಕೊಂಡ ಜಾಗಕ್ಕೆ ಲೆಕ್ಕ ಹಾಕಿದ ಎತ್ತರಕ್ಕಿಂತ ಹೆಚ್ಚಿದ್ದರೆ ಸೂರ್ಯನ ಕಡೆಗೆ, ಎಂದರೆ ಎಡಕ್ಕೆ ಸರಿದಿದ್ದೀರಿ. ಒಂದು ಆರ್ಕ್ ಮಿನಿಟ್‌ಗೆ ಒಂದು ಮೈಲಿ. ಒಂದೂವರೆ ಗಂಟೆಯ 360 ಮೈಲಿಯಲ್ಲಿ 20 ಮೈಲಿ ಸರಿದಿದ್ದರೆ ಗಾಳಿ 3 ಡಿಗ್ರಿಗಿಂತ ಸ್ವಲ್ಪ ಹೆಚ್ಚು ತಳ್ಳುತ್ತಿದೆ ಎಂದರ್ಥ.

ಮಧ್ಯಾಹ್ನದ ಅಳತೆಗೆ ಸೂರ್ಯನ ಎತ್ತರದ ಕೋಷ್ಟಕವೇ ಬೇಡ. 05:57ರ ಸುಮಾರಿಗೆ ಸೂರ್ಯ ನೇರ ಉತ್ತರಕ್ಕಿರುತ್ತಾನೆ. ಎತ್ತರ 60°06′ ಬಂತೆನ್ನಿ. 90ರಿಂದ ಕಳೆದರೆ 29°54′, ಅದರಿಂದ 23°26′ ಕಳೆದರೆ ಅಕ್ಷಾಂಶ 6°28′ ದಕ್ಷಿಣ. ಹಡಗಿನವರ ಹಾಗೆ ಎತ್ತರ ತುದಿ ಮುಟ್ಟುವುದನ್ನು ಕಾಯಬೇಡಿ. ನಾವು ಗಂಟೆಗೆ 178 ಮೈಲಿ ದಕ್ಷಿಣಕ್ಕೆ ಓಡುತ್ತಿರುವುದರಿಂದ ನಿಮಿಷಕ್ಕೆ 3 ಆರ್ಕ್ ಮಿನಿಟ್ ಎತ್ತರ ಇಳಿಯುತ್ತಿರುತ್ತದೆ, ತುದಿ ಮೊದಲೇ ಬಂದುಹೋಗಿರುತ್ತದೆ. ಲೆಕ್ಕ ಹಾಕಿದ ಸಮಯಕ್ಕೇ ಅಳೆಯಬೇಕು. ಬೆಳಗಿನ ಗೆರೆಯನ್ನು ಓಡಿದಷ್ಟು ದೂರ ಮುಂದೆ ಸರಿಸಿ ಇದರ ಜೊತೆ ಕೂಡಿಸಿದರೆ ಒಂದು ಸ್ಥಾನ ಸಿಗುತ್ತದೆ.

ಇಲ್ಲಿಂದ 460 ಮೈಲಿ ಉಳಿದಿದೆ. ದ್ವೀಪದತ್ತ ನೇರ ಹೋಗುವುದು ದಡ್ಡತನ. ನೇರ ಹೋಗಿ ಲೆಕ್ಕದ ಸಮಯಕ್ಕೆ ದ್ವೀಪ ಕಾಣದಿದ್ದರೆ ಎಡಕ್ಕೆ ಹುಡುಕಬೇಕೋ ಬಲಕ್ಕೋ ಗೊತ್ತಾಗುವುದಿಲ್ಲ. 3 ಡಿಗ್ರಿ ತಪ್ಪಿಗೆ 23 ಮೈಲಿ, ಅಳತೆಯ ದೋಷಕ್ಕೆ 10 ಮೈಲಿ, ಒಟ್ಟು 33. ಆದ್ದರಿಂದ ಬೇಕೆಂದೇ 40 ಮೈಲಿ ಎಡಕ್ಕೆ ಗುರಿಯಿಡಿ, ಟ್ರ್ಯಾಕ್ 133. ಆಗ ದ್ವೀಪ ಬಲಗಡೆಯೇ ಇದೆ ಎಂಬುದು ಖಾತ್ರಿ.

ಹೊರಡುವ ಮೊದಲೇ ಕೋಕೋಸ್‌ನಲ್ಲಿ ನಿಂತವನಿಗೆ ಸೂರ್ಯ ಎಷ್ಟು ಎತ್ತರದಲ್ಲಿ ಕಾಣುತ್ತಾನೆ ಎಂದು 07:20ರಿಂದ 08:20ರವರೆಗೆ ಹತ್ತು ಹತ್ತು ನಿಮಿಷಕ್ಕೆ ಒಂದು ಪಟ್ಟಿ ಮಾಡಿಕೊಂಡಿರಬೇಕು. 07:52ಕ್ಕೆ ಅದು 41 ಡಿಗ್ರಿ, ದಿಕ್ಕು 317: ಸರಿಯಾಗಿ ನಮ್ಮ ಬೆನ್ನ ಹಿಂದೆ. ಗೆರೆ ದಾರಿಗೆ ಅಡ್ಡ ಬೀಳುತ್ತದೆ. ಟೇಕಾಫ್ ಏಳಕ್ಕೆ ಇಟ್ಟದ್ದೇ ಇದಕ್ಕಾಗಿ. ವಿಮಾನದಲ್ಲಿ ಅಳೆದ ಎತ್ತರದಿಂದ ಪಟ್ಟಿಯ ಎತ್ತರ ಕಳೆಯಿರಿ, ಉಳಿದ ಆರ್ಕ್ ಮಿನಿಟ್‌ಗಳೇ ದ್ವೀಪದ ಮೇಲೆ ಹಾಯುವ ಗೆರೆಗೆ ಇನ್ನೂ ಇರುವ ಮೈಲಿ. ಅದು ನಿಮಿಷಕ್ಕೆ ನಾಲ್ಕರಂತೆ ಕರಗುತ್ತಾ ಬರುತ್ತದೆ. ಎರಡಕ್ಕೆ ಇಳಿದಾಗ ಬಲಕ್ಕೆ ತಿರುಗಿ 227 ಹಿಡಿಯಿರಿ. ಪಟ್ಟಿಯ ಅಂಕಿ ನಿಮಿಷಕ್ಕೆ 10 ಆರ್ಕ್ ಮಿನಿಟ್ ಇಳಿಯುವುದರಿಂದ ನಡುವಿನ ನಿಮಿಷಗಳನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕಿಯೇ ತುಂಬಬೇಕು.

ಯುದ್ಧದ ದಿನಗಳಲ್ಲಿ, 1943ರಿಂದ 1945ರವರೆಗೆ, ಆಸ್ಟ್ರೇಲಿಯದ ಕ್ವಾಂಟಾಸ್ ಕಂಪನಿಯ ಕ್ಯಾಟಲೀನಾಗಳು (ನೀರಿನ ಮೇಲೆ ಇಳಿಯುವ ವಿಮಾನಗಳು) ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ರೇಡಿಯೊ ಮೌನದಲ್ಲೇ ನಕ್ಷತ್ರ ನೋಡಿಕೊಂಡು ಇದೇ ಸಾಗರ ದಾಟುತ್ತಿದ್ದವು, 27 ಗಂಟೆಗೂ ಹೆಚ್ಚು ಹೊತ್ತು. ನಮಗೆ ಆರು ಗಂಟೆ. ಅದನ್ನೂ ಬೇಗ ಓಡಿಸಲು ಸಿಮ್ ರೇಟ್ (ಸಿಮ್ಯುಲೇಟರಿನ ಸಮಯದ ವೇಗ) ಏರಿಸುವುದಾದರೆ ಎರಡರಷ್ಟಕ್ಕೇ ನಿಲ್ಲಿಸಿ, ಅಳೆಯುವಾಗ ಒಂದಕ್ಕೆ ಇಳಿಸಿ. ನಾಲ್ಕು ಪಟ್ಟಿನಲ್ಲಿ ಆಟೋಪೈಲಟ್ ಓಲಾಡುತ್ತದೆ. ಯುಪಿಎಸ್ ಇಲ್ಲದೆ ಕೂರಬೇಡಿ, ಗಂಟೆಗೊಮ್ಮೆ ಫ್ಲೈಟ್ ಸೇವ್ ಮಾಡಿ. ಕರೆಂಟ್ ಹೋಗುವುದು ಸರಿಯಾಗಿ ಐದನೇ ಗಂಟೆಯಲ್ಲೇ.

ಗೆರೆ ಹಿಡಿದು ಹೋಗುವಾಗ ಆಗ್ನೇಯ ಗಾಳಿ ಎಡದಿಂದ ತಳ್ಳುತ್ತದೆ. ಐದು ನಿಮಿಷಕ್ಕೊಮ್ಮೆ ಅಳೆಯಿರಿ, ವ್ಯತ್ಯಾಸ ಬೆಳೆದರೆ ಮೂತಿ ಎಡಕ್ಕೆ ತಿರುಗಿಸಿ. ಲೆಕ್ಕ ಸರಿಯಿದ್ದರೆ ಹತ್ತು ನಿಮಿಷ, ಗಾಳಿ ಕೈಕೊಟ್ಟಿದ್ದರೆ ಹದಿನೆಂಟು. ರೇಡಿಯೊ ಕೇಂದ್ರದ ದಿಕ್ಕು ತೋರಿಸುವ ಎಡಿಎಫ್ ಮುಳ್ಳು ಅಷ್ಟರಲ್ಲಿ ಜೀವ ಪಡೆದಿರುತ್ತದೆ. ಸಿಗ್ನಲ್ ಇಲ್ಲದಾಗಲೂ ಅದು ಎಲ್ಲೋ ಒಂದು ಕಡೆ ತೋರಿಸುತ್ತದೆ, ಮೋರ್ಸ್ ಗುರುತು ಕೇಳುವವರೆಗೆ ನಂಬಬೇಡಿ. ಮೋಡದ ನೆರಳು ದ್ವೀಪದಂತೆಯೇ ಕಾಣುತ್ತದೆ, ಆದರೆ ನೆರಳಿಗೆ ತಿಳಿಹಸಿರು ಲಗೂನ್ (ದ್ವೀಪಗಳ ನಡುವಿನ ಆಳವಿಲ್ಲದ ನೀರು) ಇರುವುದಿಲ್ಲ. ಮೊದಲು ಬಲಗಡೆ, 15 ಮೈಲಿ ಆಚೆ, ಒಂಟಿ ಪುಟ್ಟ ದ್ವೀಪ ಕಂಡರೆ ಅದು ಉತ್ತರ ಕೀಲಿಂಗ್. ಅಲ್ಲಿ ರನ್‌ವೇ ಇಲ್ಲ, ಅತ್ತ ತಿರುಗಬೇಡಿ. ಮುಂದೆ ಉಂಗುರದಂತೆ ಹರಡಿದ ಹವಳದ ದ್ವೀಪಸಾಲು, ಅಟಾಲ್‌ನ ಪಶ್ಚಿಮ ದ್ವೀಪದಲ್ಲಿ 15/33 ರನ್‌ವೇ ಇದೆ, ಆಗ್ನೇಯ ಗಾಳಿಗೆ 15ರಲ್ಲಿ ಇಳಿಯಿರಿ.