ಕನಿಷ್ಠ, ಗರಿಷ್ಠ, ಸರಾಸರಿ: ಗಂಡನ ಕಾಯಿಲೆಯ ಲೆಕ್ಕ ನಾನು ಕಲಿತಿದ್ದು

ಶಿರಸಿಯ ಒಂದು ಅಡಿಕೆ ಸೊಸೈಟಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಟೆಂಡರ್ ಮುಗಿದ ಮೇಲೆ ಬೋರ್ಡಿನಲ್ಲಿ ಮೂರು ದರ ಬರೆಯುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಕನಿಷ್ಠ, ಗರಿಷ್ಠ, ಸರಾಸರಿ. ಅದೂ ಅಡಿಕೆಯ ಬಗೆಗೊಂದರಂತೆ: ಚಾಲಿಗೆ ಬೇರೆ, ರಾಶಿಗೆ ಬೇರೆ, ಬೆಟ್ಟೆಗೆ ಬೇರೆ. ಸರಾಸರಿ ನೋಡಿ ‘ನನ್ನ ಮಾಲಿಗೂ ಇಷ್ಟೇ’ ಅಂತ ಯಾವ ರೈತನೂ ಮನೆಗೆ ಹೋಗುವುದಿಲ್ಲ. ನನ್ನ ರಾಶಿಗೆ ಎಷ್ಟು ಬಿತ್ತು ಅಂತಲೇ ಕೇಳುತ್ತಾನೆ. ಇಷ್ಟು ಗೊತ್ತಿದ್ದವಳು, ಗಂಡನ ವಿಷಯ ಬಂದಾಗ ಒಂದೇ ಒಂದು ಅಂಕಿ ಹಿಡಿದುಕೊಂಡು ಮೂರು ವಾರ ನಿದ್ದೆಗೆಟ್ಟೆ.

ಆ ಅಂಕಿ ‘ಆರು ತಿಂಗಳು’. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ನನ್ನ ಮೈದುನನಿಗೆ ಹೇಳಿದ್ದು. ಜೊತೆಗೆ ‘ಮನೆಯವರಿಗೆ ಈಗಲೇ ಹೇಳಬೇಡಿ’ ಅಂತ ಬೇರೆ. ಅವನ ಹೊಟ್ಟೆಯಲ್ಲಿ ಅದು ಎಲ್ಲಿ ನಿಲ್ಲಬೇಕು? ವಾಪಸ್ ಬರುವಾಗ ಮುಂಡಗೋಡಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಇವರು ಕಾರಿನಲ್ಲೇ ಮಲಗಿದ್ದರು. ಮೈದುನ ಲೋಟ ಹಿಡಿದುಕೊಂಡೇ ಅತ್ತುಬಿಟ್ಟ.

ಆಮೇಲೆ ಗೊತ್ತಾಯಿತು, ಆ ದಿನ ಡಾಕ್ಟರ ಕೈಯಲ್ಲಿ ಪೂರ್ತಿ ರಿಪೋರ್ಟೇ ಇರಲಿಲ್ಲ. ಶ್ವಾಸಕೋಶದ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ, ನಾಲ್ಕನೇ ಹಂತ. ಅಷ್ಟೇ. ಯಾವ ಜಾತಿ, ಯಾವ ಜೀನ್ ಕೆಟ್ಟಿದೆ ಅನ್ನುವ ಪರೀಕ್ಷೆಗೆ ಬಯಾಪ್ಸಿ ತುಣುಕು ಆಗಷ್ಟೇ ಬೆಂಗಳೂರಿಗೆ ಹೋಗಿತ್ತು. ಚಾಲಿಯೋ ರಾಶಿಯೋ ನೋಡದೆ ದರ ಹೇಳಿದ ಹಾಗೆ.

ನಾನೂ ಸುಮ್ನೆ ಕೂರಲಿಲ್ಲ, ಮೊಬೈಲ್ ತೆರೆದೆ. ಅಲ್ಲಿ ಎಂಟು ತಿಂಗಳು ಅಂತ ಸಿಕ್ಕಿತು. ಅದು ಸುಳ್ಳಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ ಸಾವಿರಕ್ಕೂ ಜಾಸ್ತಿ ರೋಗಿಗಳಿಗೆ ನಾಲ್ಕು ಬಗೆಯ ಕೀಮೋ ಕೊಟ್ಟಿದ್ದರು. ಯಾವುದೂ ಇನ್ನೊಂದಕ್ಕಿಂತ ಮೇಲಾಗಲಿಲ್ಲ, ಬದುಕಿದ ಲೆಕ್ಕ ನಾಲ್ಕೂ ಸೇರಿ ಸುಮಾರು 8 ತಿಂಗಳು. ಆದರೆ ಅದು ಆ ಕಾಲದ ಔಷಧಿಯ ಲೆಕ್ಕ. ನಾನು ಓದಿದ್ದು ಹಳೆಯ ಬೋರ್ಡು.

ಮೂರನೇ ವಾರ ರಿಪೋರ್ಟ್ ಬಂತು. ಜಾತಿ ಅಡಿನೋಕಾರ್ಸಿನೋಮಾ; ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ, ಅದರ ಎಕ್ಸಾನ್ 19 ಎಂಬ ತುಂಡಿನಲ್ಲಿ ಬದಲಾವಣೆ. ಬೀಡಿ ಸಿಗರೇಟು ಮುಟ್ಟದವರಲ್ಲಿ, ಅದರಲ್ಲೂ ಏಷ್ಯಾದವರಲ್ಲಿ ಇದು ಜಾಸ್ತಿಯಂತೆ. ಇವರು ಬೀಡಿ ಮುಟ್ಟಿದವರಲ್ಲ. ಎಲೆಯಡಿಕೆ ಉಂಟು. (ಅಡಿಕೆಗೂ ಬಾಯಿ ಕ್ಯಾನ್ಸರಿಗೂ ನಂಟಿರುವುದು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸತ್ಯ. ಆದರೆ ಇವರದ್ದು ಬಾಯಿಯದ್ದಲ್ಲ.) ಈ ಜಾತಿಗೆ ಮನೆಯಲ್ಲೇ ನುಂಗುವ ಗುಳಿಗೆ ಇದೆ. ಒಸಿಮೆರ್ಟಿನಿಬ್ ಒಳ್ಳೆಯದು ಅಂದರು, ಅದು ನಮ್ಮ ಕೈಗೆಟುಕಲಿಲ್ಲ. ಹಳೆಯದಾದ ಜೆಫಿಟಿನಿಬ್ ಶುರು ಮಾಡಿದೆವು.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೆ ಹೋದಾಗ ಅಲ್ಲಿನ ಡಾಕ್ಟರಿಗೆ ನಾನೇ ಕೇಳಿದೆ, ಇವರ ಎದುರಿಗೇ. ‘ಎಷ್ಟು ದಿನ’ ಅಂತ ಕೇಳಲಿಲ್ಲ. ‘ಇವರ ಹಾಗಿರುವ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಮೊದಲಿನ ಹತ್ತು ಜನ ಎಷ್ಟು ಬೇಗ ಹೋಗುತ್ತಾರೆ, ಕೊನೆಯ ಹತ್ತು ಜನ ಎಲ್ಲಿಯವರೆಗೆ ಇರುತ್ತಾರೆ, ನಡುವಿನವರ ಕಥೆ ಏನು?’ ಡಾಕ್ಟರು ಪೆನ್ನು ಕೆಳಗಿಟ್ಟರು. ಡಾಕ್ಟರೊಬ್ಬರು ನಮ್ಮ ಜೊತೆ ಬೆನ್ನು ಹಿಂದಕ್ಕೆ ಒರಗಿಸಿ ಮಾತಾಡಿದ್ದು ಅವತ್ತೇ ಮೊದಲು.

ಲೆಕ್ಕ ಹಾಕುವ ದಾರಿ ಅವರೇ ತೋರಿಸಿದರು. ಸಿಡ್ನಿಯ ಬೆಲಿಂಡಾ ಕೀಲಿ, ಮಾರ್ಟಿನ್ ಸ್ಟಾಕ್ಲರ್ ಎಂಬ ಕ್ಯಾನ್ಸರ್ ವೈದ್ಯರು ಹೇಳಿಕೊಟ್ಟದ್ದಂತೆ. ಮೊದಲು ಮೀಡಿಯನ್ ಬೇಕು, ಅಂದರೆ ಸಾಲಿನ ಸರಿಯಾಗಿ ನಡುವಿನವನ ಅಂಕಿ. ನಮ್ಮ ಬೋರ್ಡಿನ ಸರಾಸರಿಗೂ ಅದಕ್ಕೂ ಸ್ವಲ್ಪ ವ್ಯತ್ಯಾಸ ಇದೆ, ಕೆಲಸಕ್ಕೆ ಅಡ್ಡಿಯಿಲ್ಲ. ಅದರ ಕಾಲು ಭಾಗದೊಳಗೆ ಹೆಚ್ಚು ಕಡಿಮೆ ಹತ್ತು ಜನ ಹೋಗುತ್ತಾರೆ. ಅರ್ಧದಿಂದ ಎರಡು ಪಟ್ಟಿನ ನಡುವೆ ಐವತ್ತು ಜನ. ಮೂರು ಪಟ್ಟು ದಾಟುವವರು ಹತ್ತು ಜನ.

ಇವರು ನುಂಗುತ್ತಿದ್ದ ಬಗೆಯ ಗುಳಿಗೆಗೆ 2020ರಲ್ಲಿ ಪ್ರಕಟವಾದ ಪ್ರಯೋಗದ ಮೀಡಿಯನ್ 31.8 ತಿಂಗಳು. ಒಸಿಮೆರ್ಟಿನಿಬ್‌ಗೆ 38.6. ಅಲ್ಲೇ ಆಸ್ಪತ್ರೆಯ ಫೈಲಿನ ಹಿಂದೆ ಬರೆದುಕೊಂಡೆ:

ಕನಿಷ್ಠ: 8 ತಿಂಗಳೊಳಗೆ.
ನಡುವೆ: 16ರಿಂದ 64.
ಗರಿಷ್ಠ: 95 ದಾಟಿ.

ಇವರು ಆ ಕಾಗದ ಎಳೆದುಕೊಂಡು ನೋಡಿ, ‘ಇಷ್ಟು ಅಂತರ ಇದ್ದರೆ ನೀನು ಬೋರ್ಡ್ ಬರೆಯೋದೇ ದಂಡ’ ಅಂದರು. ಮೂರು ವಾರದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಡಾಕ್ಟರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಪ್ರಯೋಗಕ್ಕೆ ಸೇರಿಸಿಕೊಳ್ಳುವುದು ಓಡಾಡಿಕೊಂಡಿರುವವರನ್ನು. ಹಾಸಿಗೆ ಹಿಡಿದವರು ಆ ಲೆಕ್ಕದಲ್ಲಿಲ್ಲ. ಹಾಗಾಗಿ ಅಂಕಿಗಿಂತ ಮುಖ್ಯ, ಹಗಲು ಹೊತ್ತಿನಲ್ಲಿ ಎಷ್ಟು ಗಂಟೆ ಎದ್ದಿರುತ್ತಾರೆ ಅನ್ನೋದು. ವೈದ್ಯರು ಇದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಮೊದಲಿನ ಹಾಗೇ ಇದ್ದರೆ ಸೊನ್ನೆ. ಸಣ್ಣಪುಟ್ಟ ಕೆಲಸ ಮಾಡಿದರೆ ಒಂದು. ಕೆಲಸ ಆಗದೆ, ಆದರೂ ಹಗಲಿನ ಅರ್ಧಕ್ಕಿಂತ ಜಾಸ್ತಿ ಎದ್ದಿದ್ದರೆ ಎರಡು. ಅರ್ಧಕ್ಕಿಂತ ಜಾಸ್ತಿ ಮಲಗಿದ್ದರೆ ಮೂರು. ಪೂರ್ತಿ ಹಾಸಿಗೆಯಾದರೆ ನಾಲ್ಕು.

ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನಾನು ಇದನ್ನೂ ಬರೆಯತೊಡಗಿದೆ. ತೋಟಕ್ಕೆ ಇಳಿದು ಹತ್ತಿದರೆ ‘ತೋ’. ಜಗುಲಿಯ ಆರಾಮ ಕುರ್ಚಿಯಲ್ಲೇ ಕಳೆದರೆ ‘ಜ’. ಮಧ್ಯಾಹ್ನದ ಮೇಲೂ ಮಲಗಿಯೇ ಇದ್ದರೆ ‘ಮ’. ಮೊದಲ ತಿಂಗಳು ಬರೀ ‘ಮ’. ಗುಳಿಗೆ ಹಿಡಿದ ಮೇಲೆ ‘ಜ’ ಬಂತು. ಮೂರನೇ ತಿಂಗಳ ಹೊತ್ತಿಗೆ ಮುಖದ ತುಂಬ ಮೊಡವೆಯಂಥ ಗುಳ್ಳೆ, ಕಾಲುಗುರಿನ ಅಂಚೆಲ್ಲ ಒಡೆದು ಚಪ್ಪಲಿ ಹಾಕಲಾಗದ ಸ್ಥಿತಿ. ಆದರೂ ಬರಿಗಾಲಲ್ಲಿ ತೋಟಕ್ಕೆ ಇಳಿದರು. ಪ್ರತಿ ಸಲ ಡಾಕ್ಟರ ಎದುರು ‘ಆರಾಮಿದ್ದೇನೆ’ ಅನ್ನುವುದು ಇವರ ಚಾಳಿ. ಕ್ಯಾಲೆಂಡರಿನ ಫೋಟೋ ತೋರಿಸಿದರೆ ಸುಳ್ಳು ನಡೆಯುವುದಿಲ್ಲ ಅಲ್ವಾ.

ನೋವು, ಸಂಕಟ ತಗ್ಗಿಸುವ ಉಪಶಮನ ವಿಭಾಗಕ್ಕೆ ಚೀಟಿ ಬರೆದುಕೊಟ್ಟಾಗ ಮನೆಯಲ್ಲಿ ದೊಡ್ಡ ಗಲಾಟೆ. ‘ಡಾಕ್ಟರು ಕೈಬಿಟ್ಟರು’ ಅಂತ ಅತ್ತೆ ದೇವರ ಕೋಣೆ ಸೇರಿದರು. ನಾನೂ ಹಾಗೇ ತಿಳಿದಿದ್ದೆ. ಬಾಸ್ಟನ್ನಿನಲ್ಲಿ ಇದೇ ಹಂತದ ಶ್ವಾಸಕೋಶ ಕ್ಯಾನ್ಸರಿನ 151 ಜನರ ಮೇಲೆ ಮಾಡಿ, 2010ರಲ್ಲಿ ಪ್ರಕಟವಾದ ಪ್ರಯೋಗದ ಬಗ್ಗೆ ಡಾಕ್ಟರು ಹೇಳಿದರು. ಮೊದಲಿನಿಂದಲೇ ನೋವು, ಉಸಿರು, ಮನಸ್ಸು ನೋಡಿಕೊಳ್ಳುವ ತಂಡ ಜೊತೆಗಿದ್ದವರ ಮೀಡಿಯನ್ 11.6 ತಿಂಗಳು, ಉಳಿದವರದ್ದು 8.9. ಅಂಕಿ ಬಿಡಿ, ಬೆನ್ನು ನೋವಿಗೆ ಮಾರ್ಫಿನ್ ಗುಳಿಗೆ ಸಿಕ್ಕ ರಾತ್ರಿ ನಾವಿಬ್ಬರೂ ಬೆಳಗಿನವರೆಗೆ ನಿದ್ದೆ ಮಾಡಿದೆವು.

ಮೂರು ಸಾಲಿನ ಆ ಕಾಗದ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಮನೆ ಕೆಲಸಕ್ಕೆ. ಕನಿಷ್ಠದ ಸಾಲು ನೋಡಿ ಪಹಣಿ, ಬೆಳೆಸಾಲ, ಬ್ಯಾಂಕಿನ ನಾಮಿನಿ ಎಲ್ಲ ಎರಡು ತಿಂಗಳಲ್ಲಿ ಮುಗಿಸಿದೆವು. ನಡುವಿನ ಸಾಲು ನೋಡಿ ಮಗಳ ಪಿಯುಸಿ ಮುಗಿಯುವವರೆಗೆ ಅವಳನ್ನು ಹಾಸ್ಟೆಲಿನಿಂದ ಕರೆಸುವುದು ಬೇಡ ಅಂದುಕೊಂಡೆವು. ಗರಿಷ್ಠದ ಸಾಲಿನ ಬಗ್ಗೆ ನಾವು ಮಾತಾಡಲಿಲ್ಲ. ಕಾಗದದಲ್ಲಿ ಅದು ಇದೆ ಅಂತ ಇಬ್ಬರಿಗೂ ಗೊತ್ತಿತ್ತು.

ಹದಿನಾಲ್ಕು ತಿಂಗಳು ಗುಳಿಗೆ ಕೆಲಸ ಮಾಡಿತು. ಸಾಮಾನ್ಯವಾಗಿ ಹತ್ತು ತಿಂಗಳಿಗೆ ಪಟ್ಟು ಸಡಿಲುತ್ತದೆ ಅಂದಿದ್ದರು. ಹೋದ ತಿಂಗಳ ಸ್ಕ್ಯಾನಿನಲ್ಲಿ ಲಿವರಿನಲ್ಲಿ ಎರಡು ಹೊಸ ಚುಕ್ಕೆ. ಹಳೆಯ ಬೋರ್ಡು ಒರೆಸಬೇಕು, ಇಲ್ಲಿಂದ ಮತ್ತೆ ಹೊಸ ಲೆಕ್ಕ. ಟಿ790ಎಂ ಅನ್ನುವ ಇನ್ನೊಂದು ಬದಲಾವಣೆ ಹುಡುಕಲು ರಕ್ತ ಕಳಿಸಿದ್ದಾರೆ. ಜೆಫಿಟಿನಿಬ್ ಸೋತವರಲ್ಲಿ ಹತ್ತಿರ ಅರ್ಧ ಜನಕ್ಕೆ ಅದು ಇರುತ್ತದೆ. ಇದ್ದರೆ ಒಸಿಮೆರ್ಟಿನಿಬ್, ಹೇಗಾದರೂ ದುಡ್ಡು ಹೊಂದಿಸಬೇಕು. ಇಲ್ಲದಿದ್ದರೆ ಕೀಮೋ. ಎರಡರ ಮೀಡಿಯನ್ ಬೇರೆ ಬೇರೆ.

ಮಂಗಳವಾರ ರಿಪೋರ್ಟ್. ನೋಟ್‌ಬುಕ್ಕಿನಲ್ಲಿ ‘ಇದ್ದರೆ’, ‘ಇಲ್ಲದಿದ್ದರೆ’ ಅಂತ ಎರಡು ಕಾಲಂ ಮಾಡಿ ಪ್ರಶ್ನೆ ಬರೆದಿಟ್ಟಿದ್ದೇನೆ. ನಿನ್ನೆ ತೆರೆದು ನೋಡಿದರೆ ಕೆಳಗೆ ಇವರು ಪೆನ್ಸಿಲಿನಲ್ಲಿ ಒಂದು ಸೇರಿಸಿದ್ದಾರೆ: ‘ಮಳೆಗಾಲಕ್ಕೆ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಸುವಾಗ ನಾನು ತೋಟದಲ್ಲಿ ನಿಲ್ಲಬಹುದಾ?’